ಏಳಲ್ಲ, ಹನ್ನೆರಡು ಬುಟ್ಟಿ

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಾನು ಈ ಮಾತು ಹೇಳಿದಾಗೆಲ್ಲ ಜನ ಎದ್ದು ಚಪ್ಪಲಿ ಹುಡುಕಲು ಶುರುಮಾಡುತ್ತಾರೆ, ಅದು ನನಗೆ ಗೊತ್ತು. ಟಯರಿಗೆ ಗಾಳಿ ಹೆಚ್ಚಾಗಿ ಲಾರಿ ನೆಲದಿಂದ ಎರಡು ಗೇಣು ಮೇಲೆದ್ದಿತು, ಮೂರು ಊರು ದಾಟುವವರೆಗೂ ಡ್ರೈವರನಿಗೆ ಒಂದು ಗುಂಡಿಯೂ ತಗಲಲಿಲ್ಲ ಅಂತ ಹೇಳಿದವನು ನಾನೇ. ಅದು ಸುಳ್ಳು. ಎರಡು ಗೇಣಲ್ಲ, ಒಂದೇ ಗೇಣು. ಆದರೆ ಇದು ನಡೆದದ್ದು. ನಾನು ನೋಡಿದ್ದೇನೆ, ನನ್ನಕ್ಕ ನೋಡಿದ್ದಾಳೆ, ಚರ್ಚಿನಲ್ಲಿ ಕೂತಿದ್ದ ಅರವತ್ತು ಜನ ನೋಡಿದ್ದಾರೆ. ಅವರಲ್ಲಿ ಇಬ್ಬರು ನಿದ್ದೆ ಹೊಡೆಯುತ್ತಿದ್ದರು, ಅವರನ್ನು ಬಿಟ್ಟು ಯಾರನ್ನು ಬೇಕಾದರೂ ಕೇಳಿ.

ನನ್ನ ಕಸುಬು ಗಾಳಿ. ವಾರದಲ್ಲಿ ಆರು ದಿನ ಪಂಕ್ಚರ್ ಹಾಕುತ್ತೇನೆ. ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಗುಳ್ಳೆ ಎಲ್ಲಿ ಏಳುತ್ತದೆ ನೋಡಿ, ಉಜ್ಜಿ, ಅಂಟು ಹಚ್ಚಿ, ತುಂಡು ಅಂಟಿಸಿ ಕಳಿಸುತ್ತೇನೆ. ಏಳನೆಯ ದಿನ ಚರ್ಚಿನ ಆರ್ಗನ್ನಿಗೆ ಗಾಳಿ ಹಾಕುತ್ತೇನೆ. ಅದು ಹಳೇ ಕಾಲದ ಆರ್ಗನ್. ಅದರ ಮೋಟಾರು ಸುಟ್ಟು ಎಷ್ಟೋ ವರ್ಷವಾಯಿತು. ಈಗ ಪಕ್ಕದಲ್ಲಿ ಒಂದು ಉದ್ದನೆಯ ಮರದ ಹಿಡಿಕೆ ಇದೆ, ಅದನ್ನು ಮೇಲೆ ಕೆಳಗೆ ಒತ್ತಿದರೆ ಒಳಗಿನ ತಿದಿ ಉಬ್ಬುತ್ತದೆ. ಎಷ್ಟು ಗಾಳಿ ಉಳಿದಿದೆ ಅಂತ ತಿಳಿಯಲು ದಾರಕ್ಕೆ ಕಟ್ಟಿದ ಒಂದು ಸೀಸದ ಗುಂಡಿದೆ. ತಿದಿ ತುಂಬಿದರೆ ಗುಂಡು ಕೆಳಗಿಳಿಯುತ್ತದೆ, ಬರಿದಾದರೆ ಮೇಲೇರುತ್ತದೆ. ಆರ್ಗನ್ ನುಡಿಸುವುದು ನನ್ನಕ್ಕ. ಎಲ್ಲರೂ ಅವಳನ್ನೇ ಹೊಗಳುತ್ತಾರೆ. ನಾನು ಕೈ ಬಿಟ್ಟರೆ ಅವಳ ಹಾಡು ಗೊರಕೆ ಹೊಡೆದು ಮಲಗುತ್ತದೆ ಅನ್ನುವುದು ಅವಳಿಗೂ ನನಗೂ ಮಾತ್ರ ಗೊತ್ತು. ಊರವರು ನನ್ನನ್ನು ಗಾಳಿ ಅಂತಲೇ ಕರೆಯುತ್ತಾರೆ. ಕಸುಬಿಗೋ ನನ್ನ ಮಾತಿಗೋ ಅಂತ ನಾನು ಕೇಳಲು ಹೋಗಿಲ್ಲ.

ಅಕ್ಕನ ಗಂಡ, ನನ್ನ ಭಾವ, ಟೈಲರ್. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಗುಂಡುಸೂಜಿ. ಭಾನುವಾರ ಮಾತ್ರ ಸೂಜಿ ತೆಗೆದು ಬಾಯಿ ಬಿಡುತ್ತಿದ್ದರು. ಪಾಸ್ಟರ ಪ್ರಸಂಗ, ಅಂದರೆ ಉಪದೇಶ, ಮುಗಿದ ಮೇಲೆ ಮಕ್ಕಳನ್ನು ಮುಂದೆ ಕೂರಿಸಿಕೊಂಡು ಬೈಬಲ್ಲಿನ ಒಂದು ಕತೆ ಹೇಳುವುದು ಅವರ ಕೆಲಸ. ಮಕ್ಕಳಿಗೆ ಅಂತ ಹೆಸರು, ದೊಡ್ಡವರು ಒಬ್ಬರೂ ಮನೆಗೆ ಹೋಗುತ್ತಿರಲಿಲ್ಲ. ಭಾವ ಬರೀ ಹೇಳುತ್ತಿರಲಿಲ್ಲ, ಆಡಿ ತೋರಿಸುತ್ತಿದ್ದರು. ದೈತ್ಯ ಗೊಲ್ಯಾತನಾದರೆ ಹಣೆಗೆ ಕಲ್ಲು ಬಿದ್ದು ಧಡಕ್ಕನೆ ನೆಲಕ್ಕೆ. ಪೌಲನಾದರೆ ಆಕಾಶದ ಬೆಳಕು ಹೊಡೆದು ನೆಲಕ್ಕೆ. ಪೌಲನ ಪ್ರಸಂಗ ಕೇಳುತ್ತಾ ತೂಕಡಿಸಿ ಕಿಟಕಿಯಿಂದ ಬಿದ್ದ ಆ ಹುಡುಗನಾದರಂತೂ ಬೆಂಚಿನ ಮೇಲಿಂದಲೇ ನೆಲಕ್ಕೆ. ಚರ್ಚಿನ ನೆಲಕ್ಕೆ ಭಾವನ ಬೆನ್ನಿನ ಪರಿಚಯ ಚೆನ್ನಾಗಿಯೇ ಇತ್ತು. ಅವರು ಬಿದ್ದ ತಕ್ಷಣ ಅಕ್ಕ ಆರ್ಗನ್ನಿನ ಎಲ್ಲಕ್ಕಿಂತ ದಪ್ಪ ಸ್ವರವನ್ನು ಒಮ್ಮೆ ಒತ್ತುತ್ತಿದ್ದಳು. ಭೋಂ. ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಾನು.

ಆದರೆ ಭಾವ ಲೆಕ್ಕದಲ್ಲಿ ಬಲು ಬಿಗಿ. ದೊಡ್ಡ ಮೀನು ನುಂಗಿದ ಯೋನ ಅದರ ಹೊಟ್ಟೆಯಲ್ಲಿ ಮೂರು ವಾರ ಇದ್ದ ಅಂತ ನಾನು ಅಂದರೆ ಅಲ್ಲೇ ಹಿಡಿಯುತ್ತಿದ್ದರು.

“ಲೋ ಗಾಳಿ, ಮೂರು ದಿನ ಕಣೋ.”

“ಮೂರು ದಿನಕ್ಕೆಲ್ಲ ಮೀನಿಗೆ ಹೊಟ್ಟೆನೋವು ಬರುತ್ತಾ ಭಾವ?”

“ನೋಡು, ಕೋಟಿಗೆ ಎಂಥಾ ಬಣ್ಣದ ಲೈನಿಂಗ್ ಒಳಬಟ್ಟೆ ಬೇಕಾದ್ರೂ ಹಾಕು, ಅದು ಹೊಲಿಯೋನ ಇಷ್ಟ. ಅಳತೆ ಮಾತ್ರ ಬದಲಾಯಿಸಬೇಡ. ಅದು ಕೊಟ್ಟೋನದು.”

ಇಪ್ಪತ್ತು ವರ್ಷ ಹೀಗೇ ನಡೆಯಿತು. ನಾನು ತಪ್ಪು ಹೇಳುವುದು, ಅವರು ತಿದ್ದುವುದು. ಬೇರೆ ಮನೆಗಳಲ್ಲಿ ಊಟವಾದ ಮೇಲೆ ಏನು ಮಾಡುತ್ತಾರೋ, ನಮ್ಮನೆಯಲ್ಲಿ ಇದನ್ನು ಮಾಡುತ್ತಿದ್ದೆವು.

ಆ ಭಾನುವಾರ ಐದು ರೊಟ್ಟಿ ಎರಡು ಮೀನಿನ ಕತೆ. ಯೇಸುಸ್ವಾಮಿ ಅಷ್ಟರಲ್ಲೇ ಐದು ಸಾವಿರ ಜನಕ್ಕೆ ಊಟ ಹಾಕಿದ್ದು ನಿಮಗೂ ಗೊತ್ತಿರಬಹುದು. ಭಾವ ಶಿಷ್ಯರ ಹಾಗೆ ಓಡಾಡಿ, ಇಲ್ಲದ ರೊಟ್ಟಿ ಹಂಚಿ, ಒಬ್ಬ ಮುದುಕನಿಗೆ ಹಲ್ಲಿಲ್ಲವೆಂದು ಮೆತ್ತನೆಯ ತುಂಡು ಹುಡುಕಿ ಕೊಟ್ಟು, ಕೊನೆಗೆ ಉಳಿದದ್ದನ್ನು ಆರಿಸಲು ಬಗ್ಗಿದರು. “ಎಲ್ರೂ ತಿಂದು ತೇಗಿದ ಮೇಲೆ ಉಳಿದಿದ್ದು ಎಷ್ಟು ಗೊತ್ತಾ ಮಕ್ಳೇ? ಬುಟ್ಟಿ,” ಅಂದರು. ಮತ್ತೆ “ಬುಟ್ಟಿ” ಅಂದರು. ಮೂರನೇ ಸಲ “ಬುಟ್ಟಿ” ಅನ್ನುವಾಗ ಬಾಯಿ ಒಂದು ಪಕ್ಕಕ್ಕೆ ಎಳೆಯಿತು, ಬಲಗಾಲು ಮಡಚಿತು, ಧಡಕ್ಕನೆ ಬಿದ್ದರು.

ಅಕ್ಕ ಭೋಂ ಅಂತ ಒತ್ತಿದಳು.

ಮಕ್ಕಳು ನಕ್ಕರು. ದೊಡ್ಡವರು ನಕ್ಕರು. ನಾನು ಹಿಡಿಕೆ ಬಿಟ್ಟು ಎದ್ದು ನಿಂತು ಚಪ್ಪಾಳೆ ಹೊಡೆದು ನಕ್ಕೆ. ಭಾವ ನೆಲದ ಮೇಲಿಂದ ನನ್ನನ್ನೇ ನೋಡುತ್ತಿದ್ದರು. ಎಡಗೈಯಿಂದ ನೆಲ ತಟ್ಟುತ್ತಿದ್ದರು. ನಾವು ಇನ್ನೂ ಜೋರಾಗಿ ನಕ್ಕೆವು. ಒಂದು ಕೀರ್ತನೆಯ ಎರಡು ಚರಣ ಹಾಡುವಷ್ಟು ಹೊತ್ತು ನಕ್ಕಿದ್ದೇವೆ. ಮುಂದಿನ ಬೆಂಚಿನ ನರ್ಸಮ್ಮ, ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದ ಮುದುಕಿ, ಎದ್ದು ಹೋಗಿ ಬಗ್ಗಿ ನೋಡಿ, “ಬಾಯಿ ಮುಚ್ಚಿ ಎಲ್ರೂ, ಇದು ಆಟ ಅಲ್ಲ,” ಅನ್ನುವವರೆಗೆ.

ಲಕ್ವ. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಬಾಯಿಯಲ್ಲಿ ಉಳಿದದ್ದು ಒಂದೇ ಪದ. ನೀರು ಬೇಕೆಂದರೆ ಬುಟ್ಟಿ. ಕಿಟಕಿ ಮುಚ್ಚು ಅನ್ನಲು ಬುಟ್ಟಿ. ಅಕ್ಕನನ್ನು ಕರೆಯಲು ಬುಟ್ಟಿ. ತಮ್ಮ ಬಾಯಿಂದ ಬಂದದ್ದನ್ನು ತಾವೇ ಕೇಳಿಸಿಕೊಂಡು ಅವರ ಕಣ್ಣು ತುಂಬುತ್ತಿತ್ತು. ಒಂದು ತಿಂಗಳು ಹಾಗೆ ಒದ್ದಾಡಿದರು, ಆಮೇಲೆ ಅದನ್ನೂ ನಿಲ್ಲಿಸಿದರು. ಗೋಡೆ ಕಡೆ ಮುಖ ಮಾಡಿ ಮಲಗಿದರು.

ಅಳತೆ ಟೇಪು ಮೊಳೆಗೆ ನೇತಾಡುತ್ತಿತ್ತು. ಹೊಲಿಗೆ ಮಿಷನ್ನಿನ ಮೇಲೆ ಅಕ್ಕ ಒಂದು ಸೀರೆ ಹೊದಿಸಿದ್ದಳು. ಅವಳು ಆರ್ಗನ್ ಮುಟ್ಟಲಿಲ್ಲ. ಚರ್ಚಿನಲ್ಲಿ ಜನ ಬಾಯಲ್ಲೇ ಹಾಡಿಕೊಂಡರು, ಅದು ಗಾಳಿಯಿಲ್ಲದ ಸೈಕಲ್ಲು ತಳ್ಳಿಕೊಂಡು ಹೋದ ಹಾಗಿತ್ತು. ನಾನು ಸುಳ್ಳು ಹೇಳುವುದನ್ನು ಬಿಟ್ಟೆ. ಅಂಗಡಿಗೆ ಬಂದವರು, “ಏನೋ ಗಾಳಿ, ಇವತ್ತು ಲಾರಿ ಎಷ್ಟು ಮೇಲೆ ಹೋಯ್ತು?” ಅಂದರೆ, “ಲಾರಿ ನೆಲದ ಮೇಲೇ ಹೋಗೋದು ಸ್ವಾಮಿ,” ಅನ್ನುತ್ತಿದ್ದೆ. ಅವರು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಿದ್ದರು.

ನೋಡಲು ಬಂದವರೆಲ್ಲ ಒಳ್ಳೆಯವರೇ. ಒಬ್ಬರು ಬಂದು ಅತ್ತರು. ಒಬ್ಬರು ಬಂದು ತಮ್ಮ ಚಿಕ್ಕಪ್ಪನಿಗೂ ಹೀಗೇ ಆಗಿತ್ತು, ಆರೇ ತಿಂಗಳಲ್ಲಿ ಹೋದರು ಅಂತ ಸಮಾಧಾನ ಹೇಳಿದರು. ಪಾಸ್ಟರು ಬಂದು ಯೋಬನ ಪುಸ್ತಕ ತೆಗೆದು ಓದಿದರು. ಯೋಬನ ಎತ್ತು ಹೋಯಿತು, ಕತ್ತೆ ಹೋಯಿತು, ಮಕ್ಕಳು ಹೋದರು, ಮೈಯೆಲ್ಲ ಹುಣ್ಣಾಯಿತು. ಅಲ್ಲಿಗೆ ಬರುವಷ್ಟರಲ್ಲಿ ಭಾವ ಎಡಗೈಯಿಂದ ಹೊದಿಕೆಯನ್ನು ತಲೆ ಮೇಲೆ ಎಳೆದುಕೊಂಡರು. ಪಾಸ್ಟರು ಹೊದಿಕೆಗೇ ಆಶೀರ್ವಾದ ಮಾಡಿ ಹೋದರು.

ಮೂರನೇ ತಿಂಗಳಲ್ಲಿ ಭಾವ ಊಟ ಕಡಿಮೆ ಮಾಡಿದರು. ಅಕ್ಕ ಚಮಚ ತಂದರೆ ಹಲ್ಲು ಕಚ್ಚಿ ಹಿಡಿಯುತ್ತಿದ್ದರು. ಅವಳು ಬೇಡಿದಳು, ಬೈದಳು, ಅತ್ತಳು. ದಿನಕ್ಕೆ ಎರಡು ಚಮಚ ಹೋದರೆ ಹೆಚ್ಚು. ಒಂದು ಮಧ್ಯಾಹ್ನ ನಾನು ಅಂಗಡಿ ಬಾಗಿಲು ಎಳೆದು ಬಂದಾಗ ಅವಳು ಅಡುಗೆಮನೆಯ ನೆಲದ ಮೇಲೆ ಕೂತು, ಗಂಡನಿಗೆ ಕಲಸಿದ್ದ ಅನ್ನವನ್ನು ತಾನೇ ತಿನ್ನುತ್ತಿದ್ದಳು, ಕಣ್ಣೊರೆಸಿಕೊಳ್ಳುತ್ತಾ.

“ಬಂದೋರೆಲ್ಲ ನಿಜ ಹೇಳಿ ಹೋದ್ರು ಕಣೋ,” ಅಂದಳು. “ನೀನೊಬ್ಬ ಬಾಕಿ. ಹೋಗಿ ಸುಳ್ಳು ಹೇಳು.”

“ನನ್ನ ಕೈಲಾಗಲ್ಲ ಅಕ್ಕ.”

“ಹುಟ್ಟಿದಾಗಿಂದ ಅದೊಂದೇ ನಿನ್ನ ಕೈಲಾಗಿದ್ದು. ಹೋಗು. ನಿನ್ನ ತಪ್ಪು ಕೇಳಿದ್ರೆ ಅವರಿಗೆ ಮೈ ಉರಿಯುತ್ತೆ. ಉರೀಲಿ. ಏನಾದ್ರೂ ಒಂದು ಆಗ್ಲಿ.”

ಅವತ್ತಿನಿಂದ ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಬಂದು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ಭಾವನ ಬೆನ್ನಿಗೆ ಕತೆ ಹೇಳಿದೆ. ನೋಹ ಮೀನುಗಳನ್ನೂ ಹಡಗಿಗೆ ಹತ್ತಿಸಿಕೊಂಡ, ಪಾಪ ಅಷ್ಟು ನೀರಿನಲ್ಲಿ ಮುಳುಗಿ ಸಾಯುತ್ತವಲ್ಲ ಅಂತ. ಬೆನ್ನು ಅಲುಗಲಿಲ್ಲ. ಪೇತ್ರ ನೀರಿನ ಮೇಲೆ ನಡೆಯುವಾಗ ಚಪ್ಪಲಿ ನೆನೆಯಬಾರದೆಂದು ಕೈಯಲ್ಲಿ ಹಿಡಿದುಕೊಂಡಿದ್ದ. ಬೆನ್ನು ಅಲುಗಲಿಲ್ಲ. ಸತ್ತ ಲಾಜರ ನಾಲ್ಕಲ್ಲ, ಒಂಬತ್ತು ದಿನ ಸಮಾಧಿಯಲ್ಲಿದ್ದು ಎದ್ದು ಬಂದವನು ಮೊದಲು ಕೇಳಿದ್ದು, ನನ್ನ ಪಾಲಿನ ಊಟ ಯಾರು ತಿಂದಿರಿ ಅಂತ. ಜಕ್ಕಾಯ ಎಷ್ಟು ಗಿಡ್ಡ ಅಂದರೆ ಯೇಸುವನ್ನು ನೋಡಲು ಮರ ಹತ್ತಿದ ಮೇಲೂ ಜನ ಅವನನ್ನು ಅಳಿಲು ಅಂದುಕೊಂಡರು. ಯೋನ ಮೀನಿನ ಹೊಟ್ಟೆಯೊಳಗೆ ಪಂಕ್ಚರ್ ಅಂಗಡಿ ಇಟ್ಟಿದ್ದ, ಒಳಗಿಂದಲೇ ಗಾಳಿ ತುಂಬಿ ಮೀನನ್ನು ದಡಕ್ಕೆ ತೇಲಿಸಿದ.

ಹದಿಮೂರು ದಿನ. ಬೈಬಲ್ಲಿನಲ್ಲಿ ಎಷ್ಟು ಸಂಖ್ಯೆ ಇದೆಯೋ ಎಲ್ಲವನ್ನೂ ಹಾಳು ಮಾಡಿದೆ. ನಾನು ಕತೆ ಮುಗಿಸಿ ಕಾಯುತ್ತಿದ್ದೆ. ಬೆನ್ನು ಉಸಿರಾಡುತ್ತಿತ್ತು, ಅಷ್ಟೇ. ಸುಳ್ಳು ಹೇಳಿದ ಮೇಲೆ ಯಾರೂ ಬೈಯದಿದ್ದರೆ ಬಾಯಲ್ಲಿ ಎಂಥಾ ಕಹಿ ಉಳಿಯುತ್ತದೆ ಅಂತ ನನಗೆ ಆಗಲೇ ಗೊತ್ತಾದದ್ದು.

ಶನಿವಾರ ಬೆಳಗ್ಗೆ ಡಾಕ್ಟರು ಮನೆಗೆ ಬಂದು ನೋಡಿದರು. ಭಾವನ ಕೈಯ ಚರ್ಮ ಹಿಡಿದು ಎಳೆದು ಬಿಟ್ಟರು, ಅದು ನೀರಿನಂಶವಿಲ್ಲದೆ ಎಳೆದ ಹಾಗೇ ನಿಂತಿತು. ಬಾಗಿಲ ಹೊರಗೆ ಬಂದು ಅಕ್ಕನಿಗೆ ಹೇಳಿದರು. “ಸೋಮವಾರ ಆಸ್ಪತ್ರೆಗೆ ಕರ್ಕೊಂಡು ಬನ್ನಿ. ಮೂಗಿನಿಂದ ನಳಿಗೆ ಹಾಕಿ ಊಟ ಕೊಡೋಣ. ಆದ್ರೆ ಅಮ್ಮ, ಅವರಿಗೇ ಬದುಕೋ ಮನಸ್ಸಿಲ್ಲ. ಅದಕ್ಕೆ ನನ್ನ ಹತ್ರ ನಳಿಗೆ ಇಲ್ಲ.”

ಆ ಮಧ್ಯಾಹ್ನ ನಾನು ಬಿಳಾಮನ ಕತ್ತೆಯ ಕತೆ ಶುರುಮಾಡಿದೆ. ಬಿಳಾಮ ಅನ್ನುವವನು ಕತ್ತೆ ಹತ್ತಿ ಹೋಗುತ್ತಿದ್ದ, ದಾರಿಯಲ್ಲಿ ದೇವದೂತ ಕತ್ತಿ ಹಿರಿದು ನಿಂತಿದ್ದ. ಅದು ಕತ್ತೆಗೆ ಕಾಣಿಸಿತು, ಬಿಳಾಮನಿಗೆ ಕಾಣಿಸಲಿಲ್ಲ. ಕತ್ತೆ ಕೂತುಬಿಟ್ಟಿತು, ಅವನು ಹೊಡೆದ. ಆಗ ದೇವರು ಕತ್ತೆಗೆ ಮಾತು ಕೊಟ್ಟ. ಇಲ್ಲಿ ನಾನು ಒಂದು ತಮಾಷೆ ಸೇರಿಸಬೇಕಿತ್ತು. ಕತ್ತೆ ಮಾತಾಡಿದ್ದು ಯಾವ ಭಾಷೆ, ಬೈದದ್ದು ಹೇಗೆ, ಎಲ್ಲ ದಾರಿಯಲ್ಲೇ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬರಲಿಲ್ಲ. ಬಂದದ್ದು ಬೇರೆ.

“ಕತ್ತೆಗೆ ಮಾತು ಕೊಟ್ಟೆಯಲ್ಲ,” ಅಂದೆ. ಭಾವನಿಗಲ್ಲ, ಸೂರಿಗೆ. “ಕತ್ತೆಗೆ ಕೊಟ್ಟೆ. ನನ್ನಂಥ ಸುಳ್ಳುಗಾರನಿಗೆ ಗಾಡಿಗಟ್ಟಲೆ ಕೊಟ್ಟೆ. ನಿನ್ನ ಕತೆ ಬಿಟ್ಟು ಬೇರೆ ಮಾತೇ ಆಡದ ಮನುಷ್ಯನ ಬಾಯಿಂದ ಕಿತ್ಕೊಂಡೆ. ಇದ್ಯಾವ ನ್ಯಾಯ? ಲೆಕ್ಕ ತಪ್ಪಾಗಿದ್ರೆ ತಿದ್ದು. ನನ್ನದು ತಗೋ, ಅವರದು ಕೊಡು. ನಾನು ಬುಟ್ಟಿ ಬುಟ್ಟಿ ಅಂದ್ಕೊಂಡು ಪಂಕ್ಚರ್ ಹಾಕ್ತೀನಿ, ಯಾರಿಗೂ ನಷ್ಟ ಇಲ್ಲ.”

ಆಮೇಲೆ ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದದ್ದೂ ಹೊರಗೆ ಬಂತು. “ಭಾವ, ಅವತ್ತು ನಾನು ನಕ್ಕೆ. ನೀವು ನನ್ನನ್ನೇ ನೋಡ್ತಿದ್ರಿ. ನಾನು ಚಪ್ಪಾಳೆ ಹೊಡೆದೆ. ಬೇಕಾದ್ರೆ ಎದ್ದು ನನ್ನ ಕಪಾಳಕ್ಕೆ ಹೊಡೀರಿ. ಹೊಡೆಯೋಕಾದ್ರೂ ಏಳಿ.”

ಬೆನ್ನು ತಿರುಗಿತು. ನಿಧಾನವಾಗಿ, ಎಡಗೈ ಊರಿಕೊಂಡು, ಭಾವ ಈ ಕಡೆ ಹೊರಳಿದರು. ನನ್ನನ್ನು ನೋಡಿದರು. ಬೈಯುವ ನೋಟವಲ್ಲ, ಕ್ಷಮಿಸುವ ನೋಟವೂ ಅಲ್ಲ. ತುಂಬಾ ದೂರದಲ್ಲಿ ನಿಂತು ನೋಡಿದ ಹಾಗೆ. ತುಟಿ ಅಲುಗಿತು, ಏನೂ ಬರಲಿಲ್ಲ. ಮತ್ತೆ ಗೋಡೆಯ ಕಡೆ ತಿರುಗಿದರು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಹೊರಗೆ ಬಂದಾಗ ನನ್ನ ತೋಳು ಹಿಡಿದುಕೊಂಡಳು.

“ನೀನು ನಕ್ಕಿದ್ದಷ್ಟೇ,” ಅಂದಳು. “ನಾನು ಅವರು ಬಿದ್ದಿದ್ದಕ್ಕೆ ಸ್ವರ ಹಾಕ್ದೆ ಕಣೋ. ಕಟ್ಟಿಕೊಂಡ ಗಂಡ ಬಿದ್ದಾಗ ಭೋಂ ಅನ್ನಿಸ್ದೆ. ಈ ಬೆರಳಿಂದ.” ಬಲಗೈಯ ಕಿರುಬೆರಳನ್ನು ಯಾರದೋ ಬೆರಳು ತೋರಿಸಿದ ಹಾಗೆ ತೋರಿಸಿದಳು. ಅವಳು ಆರ್ಗನ್ ಯಾಕೆ ಮುಟ್ಟುತ್ತಿಲ್ಲ ಅಂತ ನಾನು ಮೂರು ತಿಂಗಳು ಕೇಳಿರಲಿಲ್ಲ. ಕೇಳದೆ ಇರುವುದೇ ಮರ್ಯಾದೆ ಅಂದುಕೊಂಡಿದ್ದೆ.

ಆ ಬೆರಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳೇ ಅಂದಳು. “ನಾಳೆ ಚರ್ಚಿಗೆ ಕರ್ಕೊಂಡು ಹೋಗೋಣ. ಸೋಮವಾರ ಆಸ್ಪತ್ರೆಗೆ ಹೋದ್ರೆ ಮತ್ತೆ ಬರ್ತಾರೋ ಇಲ್ವೋ. ಒಂದ್ಸಲ ಅಲ್ಲಿ ಕೂತು ಹೋಗ್ಲಿ.”

ಭಾನುವಾರ ಅವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ತಳ್ಳಿಕೊಂಡು ಹೋದೆವು. ಚಕ್ರಕ್ಕೆ ನಾನೇ ಗಾಳಿ ಹಾಕಿದ್ದೆ, ಹದವಾಗಿ. ಮೈಯಲ್ಲಿ ತೂಕವೇ ಇರಲಿಲ್ಲ. ಅಕ್ಕ ಅವರ ಹಳೇ ಕೋಟು ಹಾಕಿಸಿದ್ದಳು, ತಾವೇ ಅಳತೆ ತೆಗೆದು ಹೊಲಿದ ಕೋಟು ಈಗ ಇನ್ನೊಬ್ಬರಿಂದ ಎರವಲು ತಂದ ಹಾಗೆ ಜೋತುಬಿದ್ದಿತ್ತು. ಎದುರಿಗೆ ಕೂರಿಸಿದರೆ ಎಲ್ಲರ ಕಣ್ಣು ಅವರ ಮೇಲೆ ಬೀಳುತ್ತದೆಂದು ಆರ್ಗನ್ನಿನ ಪಕ್ಕ, ನನ್ನ ಹಿಡಿಕೆಯ ಹತ್ತಿರ, ಮೂಲೆಯಲ್ಲಿ ನಿಲ್ಲಿಸಿದೆವು. ಅಕ್ಕ ಆರ್ಗನ್ನಿನ ಮುಂದೆ ಕೂತಳು, ಮುಚ್ಚಳ ತೆಗೆಯಲಿಲ್ಲ. ಕೂರಲು ಬೇರೆ ಜಾಗ ಅವಳಿಗೆ ಗೊತ್ತಿರಲಿಲ್ಲ, ಅಷ್ಟೇ.

ಪ್ರಸಂಗ ಮುಗಿಯಿತು. ಮಕ್ಕಳು ಅಭ್ಯಾಸಬಲದಿಂದ ಮುಂದೆ ಬಂದು ಕೂತವು, ಆಮೇಲೆ ನೆನಪಾಗಿ ಒಂದರ ಮುಖ ಒಂದು ನೋಡಿದವು. ಪಾಸ್ಟರು ಗಂಟಲು ಸರಿಮಾಡಿಕೊಂಡು ಕೊನೆಯ ಪ್ರಾರ್ಥನೆಗೆ ಕೈ ಎತ್ತಿದರು. ಆಗ ನರ್ಸಮ್ಮ ಕೂತಲ್ಲಿಂದಲೇ ಅಂದರು.

“ಪಾಸ್ಟರೇ, ಆ ಕತೆ ಅರ್ಧಕ್ಕೇ ನಿಂತಿದೆ. ಮೂರು ತಿಂಗಳಾಯ್ತು. ಆ ಐದು ಸಾವಿರ ಜನ ಊಟ ಮಾಡಿ ಇನ್ನೂ ಅಲ್ಲೇ ಕೂತಿದ್ದಾರೆ. ಯಾರಾದ್ರೂ ಮುಗಿಸಿ, ಎದ್ದು ಕೈ ತೊಳ್ಕೊಳ್ಳಲಿ.”

“ಯಾರು ಮುಗಿಸ್ತಾರೆ ನರ್ಸಮ್ಮ?” ಅಂದರು ಪಾಸ್ಟರು.

“ಗಾಳಿ ಇದ್ದಾನಲ್ಲ, ಮೂಲೆಯಲ್ಲಿ ಅಡಗಿಕೊಂಡು. ಅವನಿಗೆ ನಾಲಿಗೆ ಚೆನ್ನಾಗೇ ಇದೆ.”

ನಾನು ಎದ್ದೆ. ಜೀವಮಾನದಲ್ಲಿ ಮೊದಲನೇ ಸಲ ಒಂದು ಕತೆಯನ್ನು ಸರಿಯಾಗಿ ಹೇಳಬೇಕೆಂದು ತೀರ್ಮಾನಿಸಿದೆ. ದೇವರೇ, ಇದೊಂದರಲ್ಲಿ ಸುಳ್ಳು ಬರದಿರಲಿ, ಇದು ಭಾವನ ಕತೆ, ಅವರ ಅಳತೆಗೇ ಹೊಲಿಯುತ್ತೇನೆ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಐದು ರೊಟ್ಟಿ ಅಂದೆ, ಸರಿಯಾಗಿತ್ತು. ಎರಡು ಮೀನು ಅಂದೆ. ಐದು ಸಾವಿರ ಅಂದೆ. ಹಲ್ಲಿಲ್ಲದ ಮುದುಕನಿಗೆ ಮೆತ್ತನೆಯ ತುಂಡನ್ನೂ ಕೊಟ್ಟೆ, ಭಾವ ಕೊಟ್ಟಿದ್ದ ಹಾಗೇ. ಯಾರೂ ನಗಲಿಲ್ಲ, ನಾನೂ ನಗಿಸಲಿಲ್ಲ. ದಡ ಕಂಡಿತು ಅಂತ ಉಸಿರು ಬಿಟ್ಟು ಕೊನೆಯ ಮಾತು ಹೇಳಿದೆ.

“ಎಲ್ರೂ ತಿಂದ ಮೇಲೆ ಉಳಿದ ತುಂಡುಗಳನ್ನ ಆರಿಸಿದ್ರು. ಏಳು ಬುಟ್ಟಿ ತುಂಬಿತು.”

ಬೇಕಂತ ಅಲ್ಲ. ದೇವರಾಣೆಗೂ ಅಲ್ಲ. ಯೇಸುಸ್ವಾಮಿ ಇನ್ನೊಂದು ಸಲ ನಾಲ್ಕು ಸಾವಿರ ಜನಕ್ಕೆ ಊಟ ಹಾಕಿದ ಕತೆಯೂ ಇದೆಯಂತೆ, ಅದರಲ್ಲಿ ಏಳು ಬುಟ್ಟಿ. ನನ್ನ ತಲೆಯಲ್ಲಿ ಆ ಎರಡು ಕತೆಗಳು ಒಂದೇ ಡಬ್ಬಿಯಲ್ಲಿ ಬಿದ್ದಿದ್ದವು.

ಪಕ್ಕದಲ್ಲಿ ಟಪ್ ಅಂತ ಸದ್ದಾಯಿತು. ಭಾವ ಎಡಗೈಯಿಂದ ಕುರ್ಚಿಯ ತೋಳಿಗೆ ಹೊಡೆದಿದ್ದರು.

“ಬುಟ್ಟಿ,” ಅಂದರು.

ಎರಡು ತಿಂಗಳಾಗಿತ್ತು ಅವರ ದನಿ ಕೇಳಿ. ನಾನು ಮೂರ್ಖ, ಹೊಗಳಿದರು ಅಂದುಕೊಂಡೆ. “ಹೂಂ ಭಾವ, ಬುಟ್ಟಿ. ಏಳು ಬುಟ್ಟಿ,” ಅಂದೆ.

“ಬುಟ್ಟಿ. ಬುಟ್ಟಿ,” ಅಂದರು. ಮುಖ ಕೆಂಪಾಯಿತು. ಕತ್ತಿನ ನರ ಉಬ್ಬಿತು. ಎಡಗೈ ಟಪ್ ಟಪ್ ಅಂತ ಬಡಿಯುತ್ತಿತ್ತು, ಬಾಯಿ ತೆರೆದು ಮುಚ್ಚುತ್ತಿತ್ತು, ಆ ಒಂದು ಪದ ಬಿಟ್ಟು ಇನ್ನೊಂದು ಹೊರಗೆ ಬರಲೊಲ್ಲದು. ನೋಡಲಾಗಲಿಲ್ಲ. ಮುಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಪಾಸ್ಟರು ತಲೆ ತಗ್ಗಿಸಿದರು. ನರ್ಸಮ್ಮ ಏಳಲು ಹೋದರು. ಲಕ್ವ ಮತ್ತೆ ಹೊಡೆಯಿತು, ಇಲ್ಲೇ ಹೋದರು, ನನ್ನ ಬಾಯಿಂದಲೇ ಹೋದರು ಅಂದುಕೊಂಡೆ.

ಅಕ್ಕ ಮಾತ್ರ ಅವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು. ಕುರ್ಚಿಗೆ ಬಡಿಯುತ್ತಿದ್ದ ಆ ಕೈಯಲ್ಲಿ ಒಂದು ತಾಳವಿತ್ತು. ಎರಡು ಬಡಿತ, ಒಂದು ಬಿಡುವು, ಮತ್ತೆ ಎರಡು. ಅವಳು ಆರ್ಗನ್ನಿನ ಮುಚ್ಚಳ ಎತ್ತಿದಳು.

“ಗಾಳಿ,” ಅಂದಳು. ನನ್ನನ್ನು ಕರೆದಳೋ ಗಾಳಿ ಕೇಳಿದಳೋ, ಎರಡಕ್ಕೂ ಮಾಡಬೇಕಾದ ಕೆಲಸ ಒಂದೇ. ಹಿಡಿಕೆ ಒತ್ತಿದೆ. ತಿದಿ ಮೂರು ತಿಂಗಳ ಧೂಳು ಕೆಮ್ಮಿ ಉಬ್ಬಿತು, ಸೀಸದ ಗುಂಡು ಕೆಳಗಿಳಿಯಿತು. ಅಕ್ಕನ ಬೆರಳು ಸ್ವರ ಹಿಡಿಯಿತು. ಭಾವ ಮಕ್ಕಳಿಗಾಗಿ ತಾವೇ ಕಟ್ಟಿ, ಪ್ರತಿ ವರ್ಷ ಈ ಕತೆಯ ಕೊನೆಗೆ ಹಾಡಿಸುತ್ತಿದ್ದ ಹಾಡು ಅದು. ಆ ಭಾನುವಾರ ಹಾಡದೆ ಉಳಿದ ಹಾಡು. ಮಕ್ಕಳು ಒಂದೊಂದಾಗಿ ಬಾಯಿ ತೆರೆದವು.

ಐದೇ ರೊಟ್ಟಿ, ಎರಡೇ ಮೀನು,
ಹಸಿದ ಹೊಟ್ಟೆ ಐದು ಸಾವಿರ,
ತಿಂದು ತೇಗಿ ಎದ್ದರು ಎಲ್ಲ,

ಕೊನೆಯ ಸಾಲಿಗೆ ಬಂದಾಗ ನಾನು ಏಳು ಅಂದಿದ್ದೆನಲ್ಲ, ಮಕ್ಕಳಿಗೆ ಗೊಂದಲವಾಗಿ ಹಾಡು ನಿಂತಿತು. ಆರ್ಗನ್ ಒಂದೇ ಮುಂದೆ ಹೋಯಿತು. ಆಗ ನನ್ನ ಮೊಣಕೈ ಹತ್ತಿರದಿಂದ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ ಒಂದು ದನಿ ಎದ್ದಿತು.

ಉಳಿದದ್ದು ಬುಟ್ಟಿ ಹನ್ನೆರಡು.

ಹನ್ನೆರಡು. ಸ್ಪಷ್ಟವಾಗಿ. ಸ್ವರದ ಮೇಲೆ ಸರಿಯಾಗಿ ಕೂತು. ನನ್ನ ಕೈ ಹಿಡಿಕೆಯಿಂದ ಜಾರಿತು. ಗಾಳಿ ತೀರಿ ಆರ್ಗನ್ ಎಮ್ಮೆಯ ಹಾಗೆ ನರಳುತ್ತಾ ಕೆಳಗಿಳಿಯಿತು. ಭಾವ ನಿಲ್ಲಿಸಲಿಲ್ಲ. ಎಡಗೈ ಚಾಚಿ ನನ್ನ ಅಂಗಿ ಹಿಡಿದೆಳೆದು, ನನ್ನ ಮುಖವನ್ನೇ ನೋಡುತ್ತಾ, ಅದೇ ರಾಗದಲ್ಲಿ, ಅದೇ ತಾಳದಲ್ಲಿ ಹಾಡಿದರು.

ಏಳು ಅಲ್ಲ ಹನ್ನೆರಡು,
ಗಾಳಿ ಹಾಕೋ ಕತ್ತೆಯೇ.

ಅವತ್ತು ನಕ್ಕ ಜನವೇ ಅವರು, ನಗಬಹುದೋ ಇಲ್ಲವೋ ತಿಳಿಯದೆ ನರ್ಸಮ್ಮನ ಕಡೆ ನೋಡಿದರು. ನರ್ಸಮ್ಮ ಭಾವನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ಈಗ ನಗಬಹುದು,” ಅಂದರು.

ನಾನು ಹೇಳಿದರೆ ನಂಬುವುದಿಲ್ಲ, ಆ ನಗುವಿಗೆ ಕಿಟಕಿಯ ಗಾಜು ಗಿಲಿಗಿಲಿ ಅಂದಿತು, ಮಲಗಿದ್ದ ಇಬ್ಬರಿಗೂ ಎಚ್ಚರವಾಯಿತು. ಪಾಸ್ಟರು ಕನ್ನಡಕ ತೆಗೆದು ಒರೆಸುತ್ತಾ ನಕ್ಕರು. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು, ಬೆನ್ನು ಕುಲುಕುತ್ತಿತ್ತು. ಭಾವ ಬಾಯಿಯ ಎಡ ಅರ್ಧದಿಂದ ನಕ್ಕರು. ನಗದವನು ನಾನೊಬ್ಬ. ಹಿಡಿಕೆ ತಬ್ಬಿಕೊಂಡು ಕೂತು ಅತ್ತೆ. ಭಾವನಿಗೆ ಅದೂ ಸಹಿಸಲಾಗಲಿಲ್ಲ. “ಗಾಳಿ, ಗಾಳಿ,” ಅಂತ ಅದೇ ರಾಗದಲ್ಲಿ ಎರಡು ಸಲ ಹಾಡಿ ಹಿಡಿಕೆ ತೋರಿಸಿದರು. ಹಾಕಿದೆ. ಅವತ್ತು ಆ ಹಾಡನ್ನು ಹದಿನೇಳು ಸಲ ಹಾಡಿದೆವು. ಪಾಸ್ಟರ ಕೊನೆಯ ಪ್ರಾರ್ಥನೆ ಹಾಗೇ ಉಳಿಯಿತು, ದೇವರು ಬೇಜಾರು ಮಾಡಿಕೊಂಡ ಹಾಗೆ ಕಾಣಲಿಲ್ಲ.

ಹದಿಮೂರು ದಿನದ ಸುಳ್ಳಿಗೆ ಏಳದವರು ಈ ಒಂದಕ್ಕೆ ಹೇಗೆ ಎದ್ದರು ಅಂತ ಆಮೇಲೆ ತುಂಬಾ ಯೋಚಿಸಿದೆ. ಬೇಕಂತ ಹರಿದು ತಂದ ಬಟ್ಟೆ ಟೈಲರನಿಗೆ ತಿಳಿಯುವುದಿಲ್ಲವೇ? ನಾನು ಕನಿಕರದಿಂದ ಹೇಳಿದ ತಪ್ಪುಗಳು ಅವು. ಇದು ಅಪ್ಪಟ ನನ್ನ ತಪ್ಪು. ಇದನ್ನು ಹೀಗೇ ಬಿಟ್ಟು ಸತ್ತರೆ ಅಲ್ಲಿದ್ದ ಮಕ್ಕಳೆಲ್ಲ ಜೀವನಪೂರ್ತಿ ಏಳು ಬುಟ್ಟಿ ಅಂದುಕೊಂಡು ಬದುಕುತ್ತವೆ. ಅದು ಅವರಿಂದ ಆಗಲಿಲ್ಲ.

ಸೋಮವಾರ ಆಸ್ಪತ್ರೆಗೆ ಹೋಗಲಿಲ್ಲ. ಭಾನುವಾರ ಮಧ್ಯಾಹ್ನ ಅಕ್ಕ ಚಮಚ ತಂದಾಗ ಭಾವ ಬಾಯಿ ತೆರೆದು ಒಂದು ತುತ್ತು ನುಂಗಿ, ಸಮಾಧಿ ಹತ್ತಿರ ಹಾಡುವ ಗೀತೆಯ ರಾಗದಲ್ಲಿ “ಉಪ್ಪೇ ಇಲ್ಲ” ಅಂತ ಎಳೆದು ಹಾಡಿದರು. ಅಕ್ಕ ಅಳುತ್ತಾ ಉಪ್ಪು ಹಾಕಿದಳು, ಕೈ ತಪ್ಪಿ ಜಾಸ್ತಿ ಬಿತ್ತು, ಅದಕ್ಕೂ ಒಂದು ಚರಣ ಬಂತು.

ಎಲ್ಲ ಸರಿಹೋಯಿತು ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ಬಲಗೈ ಬರಲಿಲ್ಲ, ಮಿಷನ್ನಿನ ಮೇಲೆ ಸೀರೆ ಹಾಗೇ ಇದೆ. ಬರೀ ಮಾತು ಇವತ್ತಿಗೂ ಬರುವುದಿಲ್ಲ, ಆಡಲು ಹೋದರೆ ಬುಟ್ಟಿಯೇ. ಹಾಡಿದರೆ ಬರುತ್ತದೆ, ಅದೂ ನಾಲ್ಕೈದು ಪದ. ಕೆಲವು ದಿನ ಹಾಡೂ ಬರುವುದಿಲ್ಲ, ಆಗ ಗೋಡೆ ಕಡೆ ತಿರುಗುತ್ತಾರೆ, ಅಕ್ಕ ಒಲೆ ಆರಿಸಿ ಸುಮ್ಮನೆ ಕೂರುತ್ತಾಳೆ. ಅಂಥ ದಿನ ನನಗೆ ಹೇಳಿ ಕಳಿಸುತ್ತಾಳೆ. ನಾನು ಅಂಗಡಿ ಮುಚ್ಚಿ ಹೋಗಿ ಬೆನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತೇನೆ, ಸರಿಯಾಗಿ ಹೇಳಲು ಪ್ರಯತ್ನಿಸುತ್ತೇನೆ. ದೇವರ ದಯೆ, ಇವತ್ತಿನವರೆಗೆ ಒಂದು ಕತೆಯನ್ನೂ ಸರಿಯಾಗಿ ಹೇಳಲು ನನ್ನಿಂದ ಆಗಿಲ್ಲ.

ಈ ಕತೆಯನ್ನೂ ಮೊದಲು ಅವರಿಗೇ ಹೇಳಿದ್ದು. ಕಣ್ಣು ಮುಚ್ಚಿ ಕೇಳಿ ನಾಲ್ಕು ಕಡೆ ಹಾಡಿ ತಿದ್ದಿದರು. ಮೂರನ್ನು ಸರಿಮಾಡಿದ್ದೇನೆ. ಒಂದನ್ನು ಹಾಗೇ ಬಿಟ್ಟಿದ್ದೇನೆ, ಕೋಟಿನ ಒಳಬಟ್ಟೆ ಚೆನ್ನಾಗಿತ್ತು ಅಂತ. ಯಾವುದು ಅಂತ ನಿಮಗೆ ಆಗಲೇ ಅನುಮಾನ ಬಂದಿದೆ, ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ತಿದ್ದಿ, ನನಗೇನೂ ಬೇಜಾರಿಲ್ಲ. ಆದರೆ ನಮ್ಮಲ್ಲಿ ಬರೀ ಬಾಯಲ್ಲಿ ತಿದ್ದುವ ಹಾಗಿಲ್ಲ. ಎದ್ದು ನಿಂತುಕೊಳ್ಳಿ, ಗಂಟಲು ಸರಿಮಾಡಿಕೊಳ್ಳಿ, ಹಾಡಿ. ಗಾಳಿ ನಾನು ಹಾಕುತ್ತೇನೆ.